ಠಾಣೆಗೂ ಮೊದಲು ರಾಯಭಾರ ಕಚೇರಿಗೆ

ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಪೀಣ್ಯ, ದಾಸರಹಳ್ಳಿ ದಾಟಿ ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿದರೆ ಹೆಸರಘಟ್ಟ ರಸ್ತೆ. ರೈಲಿನಲ್ಲಿ ಹೋಗುವವರಿಗೆ ಚಿಕ್ಕಬಾಣಾವರ ಕಳೆದ ಮೇಲೆ ಸಿಗುವುದು ಸೋಲದೇವನಹಳ್ಳಿ. 1896ರಲ್ಲಿ ಹೆಸರಘಟ್ಟ ಕೆರೆಯ ನೀರು ಮೊದಲ ಬಾರಿಗೆ ಬೆಂಗಳೂರಿನ ನಲ್ಲಿಗಳಿಗೆ ಬಂದಾಗ ಅದನ್ನು ಮೇಲಕ್ಕೆತ್ತಿ ಕಳಿಸುತ್ತಿದ್ದ ಪಂಪುಮನೆ ಇದ್ದದ್ದು ಈ ಊರಿನಲ್ಲಿ. ಆಮೇಲೆ ಬಹುಕಾಲ ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಕಡಿಮೆ. ಖಾಸಗಿ ಕಾಲೇಜುಗಳು ಬಂದವು, ತೋಟಗಳಿದ್ದ ಕಡೆ ಬಾಡಿಗೆ ಮನೆಗಳು ಎದ್ದವು, ತಾಂಜಾನಿಯ, ಸುಡಾನ್, ಕಾಂಗೊ, ನೈಜೀರಿಯ ಮುಂತಾದ ದೇಶಗಳ ವಿದ್ಯಾರ್ಥಿಗಳು ಆ ಮನೆಗಳಿಗೆ ಬಂದರು. 2016ರ ಫೆಬ್ರುವರಿಯಲ್ಲಿ ಸೋಲದೇವನಹಳ್ಳಿ ಪೊಲೀಸ್ ಠಾಣೆಯ ಹೆಸರು ದೆಹಲಿಯ ವಿದೇಶಾಂಗ ಸಚಿವಾಲಯದವರೆಗೂ ಹೋಯಿತು.

ನಡೆದದ್ದನ್ನು ಅನೇಕರು ಮರೆತಿರಬಹುದು. 2016ರ ಜನವರಿ 31, ಭಾನುವಾರ ಸಂಜೆ. ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ದಂಪತಿಗೆ ಬಡಿಯಿತು. ಹೆಂಡತಿ ಸತ್ತರು, ಗಂಡನಿಗೆ ಗಾಯವಾಯಿತು. ಚಾಲಕ ಕುಡಿದಿದ್ದನೆಂಬ ಆರೋಪವಿತ್ತು. ಸೇರಿದ ಜನ ಅವನನ್ನು ಹೊಡೆದು ಕಾರಿಗೆ ಬೆಂಕಿ ಇಟ್ಟರು. ಸುಮಾರು ಅರ್ಧ ಗಂಟೆಯ ನಂತರ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವರು ತಾಂಜಾನಿಯದ ಒಬ್ಬ ಯುವತಿ ಮತ್ತು ಅವಳ ಸ್ನೇಹಿತರು. ಅಪಘಾತಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಮೊದಲಿನ ಚಾಲಕನ ಗುರುತೂ ಇರಲಿಲ್ಲ. ಅವರ ದೇಶವೂ ಬೇರೆ. ಇದ್ದ ಒಂದೇ ಸಾಮ್ಯವೆಂದರೆ ಮೈಬಣ್ಣ. ಜನ ಅವರನ್ನು ಕಾರಿನಿಂದ ಎಳೆದು ಹೊಡೆದರು, ಯುವತಿಯ ಅಂಗಿ ಹರಿದರು, ಆ ಕಾರಿಗೂ ಬೆಂಕಿ ಹಚ್ಚಿದರು. ಮೈ ಮುಚ್ಚಿಕೊಳ್ಳಲು ತನ್ನ ಅಂಗಿ ಕೊಡಲು ಬಂದವನಿಗೂ ಏಟು ಬಿತ್ತು. ತಪ್ಪಿಸಿಕೊಳ್ಳಲೆಂದು ಬಸ್ಸು ಹತ್ತಿದರೆ ಪ್ರಯಾಣಿಕರೇ ಕೆಳಕ್ಕೆ ದೂಡಿದರು ಎಂದು ಅವಳು ಹೇಳಿದಳು.

ಇಷ್ಟು ಗುಂಪಿನ ಕಥೆ. ಇದಕ್ಕಿಂತ ಹೆಚ್ಚು ದಿನ ಉಳಿದದ್ದು ಠಾಣೆಯ ಕಥೆ. ಸ್ಥಳದಲ್ಲಿದ್ದ ಪೊಲೀಸರು ನೋಡುತ್ತ ನಿಂತಿದ್ದರು ಎಂಬುದು ವಿದ್ಯಾರ್ಥಿಗಳ ಮೊದಲ ದೂರು. ದೂರು ಕೊಡಲು ಹೋದಾಗ, ಮೊದಲು ಆ ಸುಡಾನಿನವನನ್ನು ಕರೆದು ತನ್ನಿ, ಆಮೇಲೆ ನಿಮ್ಮದು ನೋಡೋಣ ಎಂಬ ಅರ್ಥದ ಮಾತು ಬಂತು ಎಂಬುದು ಎರಡನೆಯದು. ಪ್ರಕರಣ ದಾಖಲಾದದ್ದು ಕೆಲವು ದಿನ ಕಳೆದ ಮೇಲೆ. ಅಷ್ಟರಲ್ಲಿ ಆಫ್ರಿಕಾ ವಿದ್ಯಾರ್ಥಿಗಳ ಸಂಘ ದನಿಯೆತ್ತಿತ್ತು, ಸುದ್ದಿ ದೆಹಲಿಯ ತಾಂಜಾನಿಯ ಹೈಕಮಿಷನ್ ಮುಟ್ಟಿತ್ತು, ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಇದು ನಾಚಿಕೆಗೇಡಿನ ಘಟನೆ ಎಂದು ಫೆಬ್ರುವರಿ 3ರಂದು ನೋವು ವ್ಯಕ್ತಪಡಿಸಿದ್ದರು. ಹೈಕಮಿಷನರ್ ಬೆಂಗಳೂರಿಗೆ ಬಂದರು. ಆಗ ಬಂಧನಗಳಾದವು, ಇನ್ಸ್‌ಪೆಕ್ಟರ್ ಸೇರಿದಂತೆ ಪೊಲೀಸ್ ಸಿಬ್ಬಂದಿಯ ಅಮಾನತಾಯಿತು, ತನಿಖೆ ಅಪರಾಧ ವಿಭಾಗಕ್ಕೆ ಹೋಯಿತು. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಸಿಟ್ಟಿಗೆದ್ದವರ ಪ್ರತಿಕ್ರಿಯೆ ಎಂದು ಗೃಹ ಸಚಿವ ಜಿ. ಪರಮೇಶ್ವರ ಹೇಳಿದರು. ಅಪಘಾತ ಮಾಡಿದವನ ಮೇಲೆ ಸಿಟ್ಟಿದ್ದರೆ ಅರ್ಧ ಗಂಟೆ ಬಿಟ್ಟು ಬಂದ ಬೇರೆ ಕಾರನ್ನು ಸುಡುವುದೇಕೆ ಎಂಬ ಪ್ರಶ್ನೆಗೆ ಆ ಮಾತಿನಲ್ಲಿ ಉತ್ತರವಿರಲಿಲ್ಲ. ಈ ಗದ್ದಲದಲ್ಲಿ ಇನ್ನೊಂದು ವಿಷಯವೂ ಮರೆಯಾಯಿತು. ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ಸತ್ತಿದ್ದಳು. ಅವಳ ಮನೆಯವರ ದುಃಖಕ್ಕೆ ಅಂಕಣಗಳಲ್ಲಿ ಸಿಕ್ಕ ಜಾಗ ಅತ್ಯಲ್ಪ.

ಪ್ರಸಂಗದಿಂದ ಆಫ್ರಿಕಾದ ವಿದ್ಯಾರ್ಥಿಗಳು ಕಲಿತದ್ದು ಸ್ಪಷ್ಟ. ಠಾಣೆಯ ಬಾಗಿಲು ತೆರೆದದ್ದು ದೆಹಲಿಯಿಂದ ಫೋನು ಬಂದ ಮೇಲೆ. ಹಾಗಾದರೆ ಆಪತ್ತು ಬಂದಾಗ ಮೊದಲು ಫೋನು ಮಾಡಬೇಕಾದದ್ದು ಎಲ್ಲಿಗೆ?

ಈ ಅಪನಂಬಿಕೆಗೆ ಭಾಷೆ ಕಾರಣ, ಪರಿಚಯವಿಲ್ಲದ್ದು ಕಾರಣ ಎಂದು ಸುಲಭವಾಗಿ ಹೇಳುವುದುಂಟು. ಅದು ಅರ್ಧ ಸತ್ಯ. ಕನ್ನಡ ಬಾರದಿದ್ದರೂ ಇಂಗ್ಲಿಷಿನಲ್ಲಿ ದೂರು ಬರೆದುಕೊಡಬಹುದು. ನಿಜವಾದ ಕಾರಣ ಕಾನೂನಿನ ಪುಸ್ತಕದಲ್ಲೇ ಇದೆ, ಅದೂ ನೂರೈವತ್ತು ವರ್ಷಕ್ಕಿಂತ ಹಳೆಯದು.

ವಿದೇಶಿಯರ ಬಗ್ಗೆ ಈ ದೇಶದಲ್ಲಿ ಬ್ರಿಟಿಷರು ಮಾಡಿದ ಮುಖ್ಯ ಕಾನೂನುಗಳಲ್ಲಿ ಮೊದಲಿನದು 1864ರದು. ಪರದೇಶದವನು ಎಲ್ಲಿಗೆ ಹೋಗುತ್ತಾನೆ, ಎಲ್ಲಿ ಇಳಿದುಕೊಳ್ಳುತ್ತಾನೆ ಎಂದು ಕಣ್ಣಿಡುವುದು, ಬೇಡವೆನಿಸಿದರೆ ಹೊರಗೆ ಕಳಿಸುವುದು ಅದರ ಉದ್ದೇಶ. 1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಸುಗ್ರೀವಾಜ್ಞೆ ಹೊರಟು ಹಿಡಿತ ಬಿಗಿಯಾಯಿತು. ಅದರ ಬಿಸಿ ಕನ್ನಡ ನಾಡಿಗೂ ತಟ್ಟಿತು. ಮಂಗಳೂರು, ಧಾರವಾಡಗಳಲ್ಲಿ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ ನಡೆಸಿಕೊಂಡು ಕನ್ನಡ ತುಳು ಮಾತಾಡುತ್ತಿದ್ದ ಬಾಸೆಲ್ ಮಿಶನ್ನಿನ ಜರ್ಮನರು ಒಮ್ಮೆಲೇ ಶತ್ರು ದೇಶದವರಾದರು. ಎಷ್ಟೋ ಮಂದಿಯನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು, ಆಮೇಲೆ ಯುರೋಪಿಗೆ ವಾಪಸು ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಎರಡನೇ ಯುದ್ಧದ ಹೊಸ್ತಿಲಲ್ಲಿ, 1939ರಲ್ಲಿ, ವಿದೇಶಿಯರ ನೋಂದಣಿ ಕಾಯ್ದೆ ಬಂತು. ಯುದ್ಧ ಮುಗಿದ ಮೇಲೆ ಬಂದ 1946ರ ವಿದೇಶಿಯರ ಕಾಯ್ದೆ ಆ ಯುದ್ಧಕಾಲದ ಬಿಗಿಯನ್ನೇ ಶಾಂತಿಕಾಲಕ್ಕೂ ಉಳಿಸಿಕೊಂಡಿತು. ತಾನು ವಿದೇಶಿಯನಲ್ಲ ಎಂದು ಸಾಬೀತು ಮಾಡುವ ಹೊಣೆ ಆ ವ್ಯಕ್ತಿಯದೇ ಎಂದು ಅದರ 9ನೇ ಕಲಮು ಹೇಳುತ್ತಿತ್ತು. ಸ್ವತಂತ್ರ ಭಾರತ ಇದನ್ನು ಬದಲಿಸುವ ಗೋಜಿಗೆ ಹೋಗಲಿಲ್ಲ. ಏಳು ದಶಕಕ್ಕೂ ಹೆಚ್ಚು ಕಾಲ ಆ ಕಾಯ್ದೆಯೇ ನಡೆಯಿತು.

ಇದನ್ನು ಜಾರಿಗೆ ತರುವವರು ಯಾರು? ಪೊಲೀಸರು. ದೀರ್ಘಾವಧಿಯ ವೀಸಾ ಮೇಲೆ ಬಂದ ವಿದೇಶಿ ವಿದ್ಯಾರ್ಥಿ ಹದಿನಾಲ್ಕು ದಿನದೊಳಗೆ ಹೆಸರು ನೋಂದಾಯಿಸಬೇಕು. ಜಿಲ್ಲೆಗಳಲ್ಲಿ ಆ ನೋಂದಣಿ ಅಧಿಕಾರಿ ಎಂದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ. ಬೆಂಗಳೂರಿನಂಥ ದೊಡ್ಡ ನಗರದಲ್ಲಿ ಕೇಂದ್ರದ ಪ್ರತ್ಯೇಕ ಕಚೇರಿಯಿದೆ, 2018ರಿಂದ ಅರ್ಜಿಯೆಲ್ಲ ಕಂಪ್ಯೂಟರಿನಲ್ಲೇ ಹೋಗುತ್ತದೆ. ಆದರೂ ಈತ ಹೇಳಿದ ವಿಳಾಸದಲ್ಲಿ ಇದ್ದಾನೆಯೇ ಎಂದು ನೋಡಲು ಮನೆ ಬಾಗಿಲು ತಟ್ಟುವವನು ಅದೇ ಬಡಾವಣೆಯ ಠಾಣೆಯ ಪೇದೆ. ಮನೆ ಬಾಡಿಗೆಗೆ ಕೊಟ್ಟವರು 24 ಗಂಟೆಯೊಳಗೆ ನಿಗದಿತ ನಮೂನೆ ತುಂಬಿ ಕಳಿಸಬೇಕು. ಅಂದರೆ ಮನೆ ಮಾಲೀಕ, ಹೋಟೆಲಿನ ಗುಮಾಸ್ತ, ಕಾಲೇಜಿನ ಕಚೇರಿ ಎಲ್ಲರೂ ಆ ಕಣ್ಣಿನ ಭಾಗವೇ.

ಕಳ್ಳತನವಾಯಿತೆಂದು ಠಾಣೆಗೆ ಹೋದರೆ ಸ್ಥಳೀಯನಿಗೆ ಕೇಳುವ ಮೊದಲ ಪ್ರಶ್ನೆ ಏನು ಕಳೆಯಿತು ಎಂಬುದು. ವಿದೇಶಿಯನಿಗೆ ಕೇಳುವ ಮೊದಲ ಪ್ರಶ್ನೆ ಪಾಸ್‌ಪೋರ್ಟ್ ಎಲ್ಲಿ ಎಂಬುದು. ಕಾಗದಪತ್ರ ಸರಿಯಿದ್ದವನಿಗೂ ಅದು ಕಿರಿಕಿರಿ. ವೀಸಾ ಅವಧಿ ಮೀರಿದವನಿಗೆ ಸೆರೆಮನೆಯ ದಾರಿ, ಏಕೆಂದರೆ 1946ರ ಕಾಯ್ದೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಶಿಕ್ಷೆಯಿತ್ತು. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೆಯ ಹಾಸ್ಟೆಲ್ಲೊಂದನ್ನು ಇಂಥವರನ್ನಿಡುವ ಕೇಂದ್ರವಾಗಿ ಮಾರ್ಪಡಿಸಲಾಗಿದೆ. ಪಾಸ್‌ಪೋರ್ಟೇ ಕಳೆದರೆ? ಹೊಸದನ್ನು ಪಡೆಯಲು, ದೇಶ ಬಿಟ್ಟು ಹೋಗಲು ಪೊಲೀಸ್ ದೂರಿನ ಪ್ರತಿ ಬೇಕು. ಅವಧಿ ಮೀರಿದ ವೀಸಾ ಇದ್ದವನ ಪಾಸ್‌ಪೋರ್ಟ್ ಕಳವಾದರೆ ಅವನು ದೂರು ಕೊಡುವುದು ಎಂದರೆ ತನ್ನನ್ನೇ ಒಪ್ಪಿಸಿಕೊಟ್ಟಂತೆ. ರಕ್ಷಣೆಯ ಮೇಜು, ತಪಾಸಣೆಯ ಮೇಜು ಎರಡೂ ಒಂದೇ ಆದಾಗ ಆಪತ್ತಿಗೆ ಸಿಕ್ಕ ಮನುಷ್ಯ ಹಿಂದೆ ಸರಿಯುವುದರಲ್ಲಿ ಆಶ್ಚರ್ಯವಿಲ್ಲ.

ವಿದೇಶಿಯರೆಲ್ಲರ ಪಾಡೂ ಎಂದೂ ಹೀಗೇ ಇತ್ತೆಂದಲ್ಲ. ಇದೇ ಬೆಂಗಳೂರಿನಲ್ಲಿ ಸ್ಥಳೀಯ ಪೊಲೀಸರನ್ನು ನಂಬದಿರುವುದು ಒಂದು ಕಾಲಕ್ಕೆ ವಿದೇಶಿಯರ ಕಾನೂನುಬದ್ಧ ಹಕ್ಕಾಗಿತ್ತು.

1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿಸಿದಾಗ ಹಲವು ಷರತ್ತು ಹಾಕಿದರು. ಅವುಗಳಲ್ಲಿ ಒಂದು, ಸಂಸ್ಥಾನದಲ್ಲಿರುವ ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಪೂರ್ಣ ನ್ಯಾಯಾಧಿಕಾರ ಗವರ್ನರ್ ಜನರಲ್ ಕೈಯಲ್ಲೇ ಉಳಿಯತಕ್ಕದ್ದು ಎಂಬುದು. ದಂಡು ಪ್ರದೇಶದ ಆಡಳಿತವಂತೂ ರೆಸಿಡೆಂಟರದು. ಅಲ್ಲಿನ ನ್ಯಾಯಾಲಯವೂ ಪೊಲೀಸೂ ಪೇಟೆಯದಕ್ಕಿಂತ ಬೇರೆ. ಯಶವಂತಪುರ ಆಗ ಮೈಸೂರು ಸಂಸ್ಥಾನದ ಹಳ್ಳಿ. ಅದರ ಪಕ್ಕದಲ್ಲೇ ಮಹಾರಾಜರು ಕೊಟ್ಟ ಜಮೀನಿನಲ್ಲಿ ಟಾಟಾ ವಿಜ್ಞಾನ ಮಂದಿರ ಎದ್ದು, ಇಂಗ್ಲಿಷರಾದ ಮಾರಿಸ್ ಟ್ರಾವರ್ಸ್ ಮೊದಲ ನಿರ್ದೇಶಕರಾಗಿ ಬಂದರು. ಅಂಥ ಆಂಗ್ಲರೊಬ್ಬರು ಸಂಸ್ಥಾನದ ನೆಲದಲ್ಲಿ ಅಪರಾಧವೆಸಗಿದರೂ ಮಹಾರಾಜರ ನ್ಯಾಯಾಲಯಗಳು ತಾವಾಗಿಯೇ ವಿಚಾರಿಸುವಂತಿರಲಿಲ್ಲ. ಅದಕ್ಕೆ ಗವರ್ನರ್ ಜನರಲ್ ಅಧಿಕಾರ ವಹಿಸಿಕೊಟ್ಟಿರಬೇಕಿತ್ತು.

ಎರಡು ವರ್ಷದ ನಂತರ, 1883ರಲ್ಲಿ, ಲಾರ್ಡ್ ರಿಪನ್ ಕಾಲದ ಇಲ್ಬರ್ಟ್ ಮಸೂದೆಯ ಗಲಾಟೆ ಶಾಲಾ ಪುಸ್ತಕ ಓದಿದವರಿಗೆಲ್ಲ ಗೊತ್ತು. ಬ್ರಿಟಿಷ್ ಇಂಡಿಯಾದಲ್ಲಿ ಭಾರತೀಯ ನ್ಯಾಯಾಧೀಶರು ಯುರೋಪಿಯನ್ನರನ್ನು ವಿಚಾರಣೆ ಮಾಡಬಹುದೆಂದಾಗ ಪ್ಲಾಂಟರುಗಳು, ವ್ಯಾಪಾರಿಗಳು ಬೊಬ್ಬೆಯಿಟ್ಟರು. ಕೊನೆಗೆ, ಅರ್ಧದಷ್ಟಾದರೂ ಯುರೋಪಿಯನ್ನರಿರುವ ಜ್ಯೂರಿ ಬೇಕೆಂದು ಆರೋಪಿ ಕೇಳಬಹುದು ಎಂಬ ರಾಜಿಯಾಯಿತು. ಇಂಥ ಬಿಳಿಯರ ರಿಯಾಯಿತಿಗಳ ಕೊನೆಯ ಅವಶೇಷಗಳನ್ನು ತೆಗೆದುಹಾಕಿದ್ದು 1949ರಲ್ಲಿ. ಆ ಕಾಲದ ವಿದೇಶಿಯನ ಅಪನಂಬಿಕೆಯ ಹಿಂದೆ ಸಾಮ್ರಾಜ್ಯವಿತ್ತು. ಸೋಲದೇವನಹಳ್ಳಿಯ ವಿದ್ಯಾರ್ಥಿನಿಯ ಹಿಂದೆ ಇದ್ದದ್ದು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಒಂದು ಹೈಕಮಿಷನ್ ಕಚೇರಿ. ಬ್ರಿಟನ್, ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ದೇಶಗಳ ರಾಜತಾಂತ್ರಿಕ ಕಚೇರಿಗಳು ಬೆಂಗಳೂರಿನಲ್ಲೇ ಇವೆ, 2025ರ ಜನವರಿಯಲ್ಲಿ ಅಮೆರಿಕದ್ದೂ ಆರಂಭವಾಯಿತು. ಆಫ್ರಿಕಾದ ವಿದ್ಯಾರ್ಥಿಗೆ ಮಾತ್ರ ಬಹುಮಟ್ಟಿಗೆ ದೆಹಲಿಯೇ ಗತಿ.

ಠಾಣೆಯ ಭಯ ವಿದೇಶಿಯನೊಬ್ಬನದೇ ಅಲ್ಲ ಎಂಬುದನ್ನೂ ಹೇಳಬೇಕು. 1857ರ ದಂಗೆಯ ನಂತರ ಬಂದ 1861ರ ಪೊಲೀಸ್ ಕಾಯ್ದೆ ಐರ್ಲೆಂಡಿನ ಅರೆಸೈನಿಕ ಪಡೆಯನ್ನು ಮಾದರಿಯಾಗಿಟ್ಟುಕೊಂಡದ್ದು. ಜನರನ್ನು ಕಾಯುವುದಕ್ಕಿಂತ ಜನರಿಂದ ಸರ್ಕಾರವನ್ನು ಕಾಯುವುದು ಅದರ ಚಿಂತೆ. 1902-03ರಲ್ಲಿ ಫ್ರೇಜರ್ ಆಯೋಗ ಪೊಲೀಸರನ್ನು ಭ್ರಷ್ಟರು, ದಬ್ಬಾಳಿಕೆಯವರು ಎಂದು ನೇರವಾಗಿ ಬರೆಯಿತು. ಮರ್ಯಾದಸ್ಥರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಯಶವಂತಪುರದ ಅಂಗಡಿಯವನಿಗೆ ಠಾಣೆಗೆ ಹೋಗಲೇಬೇಕಾದಾಗ ಜೊತೆಗೆ ಕರೆದೊಯ್ಯಲು ಯಾರಾದರೂ ಇರುತ್ತಾರೆ. ಗುರುತಿನ ವಕೀಲ, ವಾರ್ಡಿನ ಮುಖಂಡ, ಸಂಘದ ಅಧ್ಯಕ್ಷ, ಕೊನೆಗೆ ಪೇದೆಯ ಊರಿನ ಕಡೆಯವನಾದರೂ ಸಿಗುತ್ತಾನೆ. ‘ನಮ್ಮವರೇ ಸಾರ್, ಸ್ವಲ್ಪ ನೋಡಿ’ ಎಂಬ ಒಂದು ಮಾತಿನಿಂದ ನಡೆಯುವ ಕೆಲಸ ಕಾಯ್ದೆಯ ಕಲಮಿನಿಂದ ನಡೆಯುವುದಿಲ್ಲ. ನಮ್ಮವರೇ ಎಂದು ಹೇಳುವವರಿಲ್ಲದವನು ವಿದೇಶಿಯ. ರಾಯಭಾರ ಕಚೇರಿ ಅವನ ಪಾಲಿಗೆ ಆ ಗುರುತಿನವರ ಜಾಗದಲ್ಲಿ ನಿಲ್ಲುತ್ತದೆ.

ಕಲಮುಗಳೇನೋ ಚೆನ್ನಾಗಿಯೇ ಇವೆ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತ್ತು. ಸೋಲದೇವನಹಳ್ಳಿಯ ಘಟನೆ ಅದಾದ ಎರಡು ವರ್ಷದ ಮೇಲಿನದು. ಜಾಗ ನಮ್ಮ ಠಾಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಾಗಹಾಕುವುದನ್ನು ತಡೆಯಲು, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂಬ ನಿಯಮ 2024ರ ಜುಲೈ 1ರಿಂದ ಕಾಯ್ದೆಯಲ್ಲೇ ಸೇರಿದೆ. ಇದರ ಅಗತ್ಯ ಎಷ್ಟೆಂದು ತಿಳಿಯಲು ಯಶವಂತಪುರ ರೈಲು ನಿಲ್ದಾಣದಲ್ಲಿ ಇಳಿದರೆ ಸಾಕು. ಪ್ಲಾಟ್‌ಫಾರಂ ಮೇಲೆ ರೈಲ್ವೆ ಆಸ್ತಿ ಕಾಯುವ ಕೇಂದ್ರದ ರೈಲ್ವೆ ರಕ್ಷಣಾ ದಳ ಒಂದು, ರೈಲಿನಲ್ಲಿ ಕಳವು ಹಲ್ಲೆಯಾದರೆ ತನಿಖೆ ಮಾಡುವ ರಾಜ್ಯದ ರೈಲ್ವೆ ಪೊಲೀಸ್ ಇನ್ನೊಂದು, ಹೊರಗೆ ಆಟೋ ನಿಲ್ದಾಣಕ್ಕೆ ಬಂದರೆ ನಗರ ಪೊಲೀಸ್ ಮತ್ತೊಂದು. ಮೂವರ ಬಟ್ಟೆಯೂ ಖಾಕಿ. ಇಲ್ಲಿಯವರಿಗೇ ತಿಳಿಯದ ಈ ಗಡಿ, ನಿನ್ನೆ ವಿಮಾನ ಇಳಿದವನಿಗೆ ತಿಳಿಯುವುದು ಹೇಗೆ?

ರೈಲು ನಿಲ್ದಾಣದ ಮಾತು ಬಂದದ್ದರಿಂದ ಹೌರಾ ಪ್ರಕರಣ ನೆನೆಯಬೇಕು. 1998ರ ಫೆಬ್ರುವರಿಯಲ್ಲಿ ಅಜ್ಮೀರಿಗೆ ಹೊರಟಿದ್ದ ಬಾಂಗ್ಲಾದೇಶದ ಮಹಿಳೆಯೊಬ್ಬರು ಹೌರಾ ನಿಲ್ದಾಣದಲ್ಲಿ ಟಿಕೆಟ್ ಖಚಿತವಾಗಲೆಂದು ಕಾದಿದ್ದರು. ಸಹಾಯ ಮಾಡುತ್ತೇವೆಂದು ಬಂದವರು ರೈಲ್ವೆಯದೇ ಯಾತ್ರಿ ನಿವಾಸದಲ್ಲಿ ಅತ್ಯಾಚಾರವೆಸಗಿದರು. ಆರೋಪಿಗಳಲ್ಲಿ ರೈಲ್ವೆ ನೌಕರರೂ ಇದ್ದರು. ಆಮೇಲೆ ಅವರನ್ನು ಒಯ್ದಿಟ್ಟಿದ್ದ ಬಾಡಿಗೆ ಮನೆಯ ಮಾಲೀಕರು ಪೊಲೀಸರಿಗೆ ತಿಳಿಸಿದ್ದರಿಂದ ಬಿಡುಗಡೆಯಾಯಿತು. ಪರಿಹಾರ ಕೇಳಿದವರು ಆ ಮಹಿಳೆಯಲ್ಲ, ಕಲ್ಕತ್ತ ಹೈಕೋರ್ಟಿನ ವಕೀಲೆ ಚಂದ್ರಿಮಾ ದಾಸ್. ಆಕೆ ವಿದೇಶಿ, ಇಲ್ಲಿನ ಸಂವಿಧಾನದ ರಕ್ಷಣೆ ಆಕೆಗಿಲ್ಲ ಎಂದು ರೈಲ್ವೆ ವಾದಿಸಿತು. ಸುಪ್ರೀಂ ಕೋರ್ಟು 2000ದ ಜನವರಿಯಲ್ಲಿ ಇದನ್ನು ತಳ್ಳಿಹಾಕಿ, 21ನೇ ವಿಧಿಯಲ್ಲಿರುವುದು ನಾಗರಿಕ ಎಂಬ ಪದವಲ್ಲ, ವ್ಯಕ್ತಿ ಎಂಬ ಪದ ಎಂದು ತೋರಿಸಿ ಹತ್ತು ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಈ ತೀರ್ಪು ಪ್ರತಿ ಠಾಣೆಯ ಗೋಡೆಯ ಮೇಲೆ ಇರಬೇಕಾದದ್ದು.

ಪೊಲೀಸರ ಕಡೆಯ ಮಾತೂ ಇದೆ. ವಿದೇಶಿಯರಲ್ಲಿ ಕೆಲವರು ವೀಸಾ ಮುಗಿದರೂ ಉಳಿಯುತ್ತಾರೆ, ಮಾದಕ ವಸ್ತು ಮಾರಾಟದ ಪ್ರಕರಣಗಳಲ್ಲಿ ಸಿಕ್ಕುತ್ತಾರೆ, ಹೆಸರು ವಿಳಾಸ ಸರಿಯಾಗಿ ಹೇಳುವುದಿಲ್ಲ ಎಂಬುದು ಅವರ ದೂರು. ಸುಳ್ಳಲ್ಲ. ಆದರೆ ಹತ್ತು ಜನರ ತಪ್ಪಿಗೆ ಇಡೀ ಖಂಡವನ್ನೇ ಅನುಮಾನಿಸುವುದು ರೂಢಿಯಾದರೆ ಉಳಿದವರು ಸಾಕ್ಷಿ ಹೇಳಲೂ ಬರುವುದಿಲ್ಲ. 2014ರ ಜನವರಿಯಲ್ಲಿ ದೆಹಲಿಯ ಖಿಡ್ಕಿ ಬಡಾವಣೆಯಲ್ಲಿ ಅಲ್ಲಿನ ಸರ್ಕಾರದ ಕಾನೂನು ಸಚಿವರೇ ಗುಂಪು ಕಟ್ಟಿಕೊಂಡು ಬಂದು ಆಫ್ರಿಕಾದ ಮಹಿಳೆಯರ ಮನೆ ಶೋಧಿಸಿ ಎಂದಾಗ, ವಾರಂಟಿಲ್ಲದೆ ಒಳಗೆ ಹೋಗಲಾಗದು ಎಂದು ನಿಂತವರು ಪೊಲೀಸ್ ಅಧಿಕಾರಿಗಳೇ. ಕಾನೂನು ಹಿಡಿದು ನಿಂತ ಪೊಲೀಸರಿಂದ ವಿದೇಶಿಯರಿಗೆ ಆಗುವ ಉಪಕಾರ ಎಷ್ಟೆಂಬುದಕ್ಕೆ ಇದು ಉದಾಹರಣೆ.

ಬೆಂಗಳೂರಿನಲ್ಲಿ ಅಂಥ ನೆನಪಿಗಿಂತ 2021ರ ಆಗಸ್ಟ್ 2ರ ನೆನಪು ಗಾಢವಾಗಿದೆ. ಆರ್.ಟಿ. ನಗರಕ್ಕೆ ಸಮೀಪದ ಜೆ.ಸಿ. ನಗರ ಠಾಣೆಯ ವಶದಲ್ಲಿದ್ದ ಕಾಂಗೊ ದೇಶದ ಯುವಕನೊಬ್ಬ ಅಂದು ಸತ್ತ. ಮಾದಕ ವಸ್ತು ಇಟ್ಟುಕೊಂಡಿದ್ದ ಆರೋಪದ ಮೇಲೆ ಹಿಡಿದಿದ್ದೆವು, ಎದೆನೋವು ಎಂದ, ಆಸ್ಪತ್ರೆಗೆ ಸೇರಿಸಿದೆವು, ಹೃದಯಾಘಾತವಾಯಿತು ಎಂದು ಪೊಲೀಸರು ಹೇಳಿದರು. ಅವನ ವೀಸಾ ಮುಗಿದಿತ್ತೆಂಬುದನ್ನೂ ಸೇರಿಸಿದರು. ಅವನ ಸ್ನೇಹಿತರು ನಂಬಲಿಲ್ಲ. ಠಾಣೆಯ ಮುಂದೆ ಸೇರಿ ಪ್ರತಿಭಟಿಸಿದರು, ನೂಕುನುಗ್ಗಲಾಯಿತು, ಲಾಠಿ ಬೀಸಲಾಯಿತು, ಕೆಲವರ ಬಂಧನವಾಯಿತು. ತನಿಖೆಯನ್ನು ಸಿಐಡಿಗೆ ಒಪ್ಪಿಸಲಾಯಿತು. ಪೊಲೀಸರ ವಿವರಣೆ ನಿಜವಿದ್ದರೂ ಇರಬಹುದು. ಐದು ವರ್ಷ ಹಿಂದೆ ಸೋಲದೇವನಹಳ್ಳಿಯಲ್ಲಿ ದೂರು ಬರೆದುಕೊಳ್ಳದವರ ಇಲಾಖೆ ಇಂದು ಹೇಳುವುದನ್ನು ನಂಬಿ ಎಂದರೆ ನಂಬುವವರು ಯಾರು ಎಂಬುದು ಆ ಸಂಜೆ ಎದ್ದು ಕಂಡಿತು.

ಸತ್ತವನು ವಶದಲ್ಲಿದ್ದಾಗ ಅವನ ದೇಶದ ಕಚೇರಿಗೆ ತಿಳಿಸುವ ಪದ್ಧತಿಗೆ ಅಂತರರಾಷ್ಟ್ರೀಯ ಆಧಾರವಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ ವಿದೇಶಿಯನನ್ನು ಬಂಧಿಸಿದರೆ ಅವನು ಕೇಳಿದಲ್ಲಿ ತಡಮಾಡದೆ ಅವನ ದೂತಾವಾಸಕ್ಕೆ ಹೇಳಬೇಕು, ಕೇಳುವ ಹಕ್ಕಿದೆಯೆಂದು ಅವನಿಗೂ ತಿಳಿಸಬೇಕು. ಭಾರತ 1977ರಲ್ಲಿ ಈ ಒಪ್ಪಂದಕ್ಕೆ ಸೇರಿತು. ಪಾಕಿಸ್ತಾನ ಕುಲಭೂಷಣ್ ಜಾಧವ್ ಅವರನ್ನು ಹಿಡಿದಿಟ್ಟಾಗ ಭಾರತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದದ್ದು ಇದೇ ವಿಧಿ ಹಿಡಿದು. 2019ರ ಜುಲೈನಲ್ಲಿ ಗೆದ್ದದ್ದೂ ಅದರ ಮೇಲೆಯೇ.

ಹೊರಗೆ ಹೋದ ನಮ್ಮವರಿಗೆ ಇಂಥದೇ ಅನುಭವವಾದಾಗ ಇಲ್ಲಿ ಕೋಪ ಉಕ್ಕಿದ್ದೂ ಉಂಟು. 2009ರಲ್ಲಿ ಮೆಲ್ಬರ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಸಾಲುಸಾಲಾಗಿ ಹಲ್ಲೆಗಳಾದವು. ಇವು ಜನಾಂಗ ದ್ವೇಷದವಲ್ಲ, ಸಂದರ್ಭ ನೋಡಿ ಮಾಡುವ ದರೋಡೆ ಎಂದು ಅಲ್ಲಿನ ಪೊಲೀಸರು ಹೇಳಿದರು. ರೈಲಿನಲ್ಲಿ ನಿಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಮಾತಾಡಬೇಡಿ ಎಂಬ ಬುದ್ಧಿವಾದವೂ ಪೊಲೀಸ್ ಅಧಿಕಾರಿಯೊಬ್ಬರಿಂದ ಬಂತು. ಮೇ 31ರಂದು ಸಾವಿರಾರು ವಿದ್ಯಾರ್ಥಿಗಳು ಮೆಲ್ಬರ್ನಿನ ಬೀದಿಯಲ್ಲಿ ಕುಳಿತರು. ಆಗ ತಾನೇ ವಿದೇಶಾಂಗ ಸಚಿವರಾಗಿದ್ದ ಕನ್ನಡಿಗ ಎಸ್.ಎಂ. ಕೃಷ್ಣ ಆಗಸ್ಟಿನಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ವಿದ್ಯಾರ್ಥಿಗಳ ಸುರಕ್ಷತೆಯ ಮಾತೆತ್ತಿದರು. ಜನಾಂಗೀಯವಲ್ಲ ಎಂಬ ಮೆಲ್ಬರ್ನ್ ಪೊಲೀಸರ ಮಾತನ್ನು ಅಂದು ಇಲ್ಲಿನ ಪತ್ರಿಕೆಗಳು ಒಪ್ಪಲಿಲ್ಲ. ಏಳು ವರ್ಷದ ನಂತರ ಅದೇ ಮಾತು ಬೆಂಗಳೂರಿನಲ್ಲಿ ಕೇಳಿಬಂತು. 2017ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಆಫ್ರಿಕಾದ ವಿದ್ಯಾರ್ಥಿಗಳ ಮೇಲೆ ದಾಳಿಯಾದಾಗ ದೆಹಲಿಯಲ್ಲಿರುವ ಆಫ್ರಿಕಾ ದೇಶಗಳ ರಾಯಭಾರಿಗಳು ಒಟ್ಟಾಗಿ ಹೇಳಿಕೆ ಕೊಟ್ಟು, ಇವು ಜನಾಂಗೀಯ ದಾಳಿಗಳೇ, ತಡೆಯಲು ಕಣ್ಣಿಗೆ ಕಾಣುವ ಕ್ರಮವಾಗಿಲ್ಲ ಎಂದರು. ಆ ಹೇಳಿಕೆ ವಿದೇಶಾಂಗ ಸಚಿವಾಲಯಕ್ಕೆ ಹಿಡಿಸಲಿಲ್ಲ.

ಈಗ 1939 ಮತ್ತು 1946ರ ಕಾಯ್ದೆಗಳು ಇಲ್ಲ. ಅವುಗಳ ಜಾಗದಲ್ಲಿ ಬಂದ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ವೀಸಾ ಮೀರಿ ಉಳಿದವರಿಗೆ ಮೂರು ವರ್ಷದವರೆಗೆ ಸೆರೆ ಅಥವಾ ಮೂರು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ತಾನು ವಿದೇಶಿಯನಲ್ಲ ಎಂದು ಸಾಬೀತು ಮಾಡುವ ಹೊಣೆ ಹಿಂದಿನಂತೆಯೇ ಆ ವ್ಯಕ್ತಿಯದು. ವಿದೇಶಿಯರ ಮಾಹಿತಿ ಕೊಡುವ ಬಾಧ್ಯತೆ ಹೋಟೆಲುಗಳ ಜೊತೆಗೆ ವಿಶ್ವವಿದ್ಯಾಲಯ, ಕಾಲೇಜು, ಆಸ್ಪತ್ರೆಗಳ ಮೇಲೂ ಕಾಯ್ದೆಯಲ್ಲೇ ಬಿದ್ದಿದೆ. ಏಟು ತಿಂದ ವಿದೇಶಿ ವಿದ್ಯಾರ್ಥಿ ಠಾಣೆ ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೋದರೂ ಅವನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ನೋಂದಣಿ ಅಧಿಕಾರಿಯ ಮೇಜಿಗೆ ತಲುಪುತ್ತದೆ.